ಆಕ್ಸಲ್ ಅನುಪಾತದ ಬದಲಾವಣೆ: ಲೆಕ್ಕ ಮತ್ತು ಜೋಡಣೆ

ನಾಲ್ಕು ಚಕ್ರ ಚಾಲನೆಯ ವಾಹನಕ್ಕೆ ದೊಡ್ಡ ಟೈರು ಹಾಕಿದ ಮೇಲೆ ಅದು ಏರಿನಲ್ಲಿ ಸೊರಗಿದರೆ ದೋಷ ಎಂಜಿನ್ನಿನದಲ್ಲ. ಟೈರಿನ ಸುತ್ತಳತೆ ಹೆಚ್ಚಿದಷ್ಟೂ ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಸಾಗುತ್ತದೆ, ಅದೇ ಪ್ರಮಾಣದಲ್ಲಿ ನೆಲವನ್ನು ಹಿಂದಕ್ಕೆ ತಳ್ಳುವ ಬಲ ಕುಗ್ಗುತ್ತದೆ. ಈ ನಷ್ಟವನ್ನು ತುಂಬಿಕೊಡುವ ಸರಿಯಾದ ಜಾಗ ಆಕ್ಸಲ್ ನಡುವೆ ಕುಳಿತು ಎರಡೂ ಬದಿಯ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ ಒಳಗಿನ ಕ್ರೌನ್ ವೀಲ್ (ದೊಡ್ಡ ಹಲ್ಲುಚಕ್ರ) ಮತ್ತು ಪಿನಿಯನ್ (ಅದನ್ನು ತಿರುಗಿಸುವ ಚಿಕ್ಕ ಹಲ್ಲುಚಕ್ರ) ಜೋಡಿ. ಕ್ರೌನ್ ವೀಲಿನ ಹಲ್ಲುಗಳನ್ನು ಪಿನಿಯನ್ನಿನ ಹಲ್ಲುಗಳಿಂದ ಭಾಗಿಸಿದರೆ ಬರುವುದೇ ಆಕ್ಸಲ್ ಅನುಪಾತ: 41ಕ್ಕೆ 10 ಇದ್ದರೆ 4.10, 39ಕ್ಕೆ 8 ಇದ್ದರೆ 4.88. ಸಂಖ್ಯೆ ದೊಡ್ಡದಾದಷ್ಟೂ ಎಳೆಯುವ ಬಲ ಹೆಚ್ಚು, ಅದೇ ಎಂಜಿನ್ ಸುತ್ತಿಗೆ ಸಿಗುವ ವೇಗ ಕಡಿಮೆ.

ಇದಕ್ಕೆ ಹಳೆಯ ಉದಾಹರಣೆ ವಿಲ್ಲಿಸ್ ಜೀಪಿನದು. ಯುದ್ಧಕಾಲದ ಎಂಬಿ ಮಾದರಿಗೆ 4.88 ಅನುಪಾತವಿತ್ತು. 1945ರಲ್ಲಿ ರೈತರ ಬಳಕೆಯನ್ನೂ ಮನಸ್ಸಿನಲ್ಲಿಟ್ಟು ತಂದ ಸಿಜೆ-2ಎ ಮಾದರಿಗೆ 43 ಮತ್ತು 8 ಹಲ್ಲುಗಳ ಜೋಡಿ, ಅಂದರೆ 5.38 ಬಂತು, ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿನ ಲೋ (ನಿಧಾನಗತಿಯ) ಅನುಪಾತವೂ 1.97ರಿಂದ 2.43ಕ್ಕೆ ಏರಿತು. ನೇಗಿಲು ಎಳೆಯಬೇಕಾದ ವಾಹನಕ್ಕೆ ವೇಗಕ್ಕಿಂತ ಎಳೆತ ಮುಖ್ಯವಾಗಿತ್ತು.

ಹೊಸ ಅನುಪಾತವನ್ನು ಆರಿಸುವ ಲೆಕ್ಕ ಸರಳ. ಹಳೆಯ ಅನುಪಾತವನ್ನು ಹೊಸ ಟೈರಿನ ವ್ಯಾಸದಿಂದ ಗುಣಿಸಿ ಹಳೆಯ ಟೈರಿನ ವ್ಯಾಸದಿಂದ ಭಾಗಿಸಬೇಕು. 29 ಇಂಚಿನ ಟೈರು ಮತ್ತು 3.73 ಅನುಪಾತವಿದ್ದ ಜೀಪಿಗೆ 35 ಇಂಚಿನ ಟೈರು ಹಾಕಿದರೆ ಉತ್ತರ ಸುಮಾರು 4.50, ಅದಕ್ಕೆ ಹತ್ತಿರವಾಗಿ ಸಿಗುವ ಜೋಡಿ 4.56. ಎಂಜಿನ್ ಸುತ್ತುಗಳಲ್ಲಿ ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಗೇರ್‌ಬಾಕ್ಸ್ 1:1ರಲ್ಲಿದ್ದು ವಾಹನ ಗಂಟೆಗೆ 80 ಕಿ.ಮೀ. ವೇಗದಲ್ಲಿ ಓಡುವಾಗ ಮೂಲ ಸ್ಥಿತಿಯಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 2150 ಸುತ್ತು ತಿರುಗುತ್ತದೆ. ಟೈರನ್ನು ಮಾತ್ರ ಬದಲಿಸಿದರೆ ಅದು 1780ಕ್ಕೆ ಇಳಿಯುತ್ತದೆ, 4.56 ಹಾಕಿದರೆ 2175ಕ್ಕೆ ಮರಳುತ್ತದೆ; 4.88 ಹಾಕಿದರೆ 2330 ಆಗುತ್ತದೆ. ದೊಡ್ಡ ಟೈರಿನ ಜೊತೆಗೆ ವಿಂಚು, ಉಕ್ಕಿನ ಬಂಪರುಗಳ ಭಾರವೂ ಸೇರಿದ್ದರೆ 4.88 ಹೆಚ್ಚು ಉಚಿತವೆಂಬುದು ನನ್ನ ಅಭಿಪ್ರಾಯ. ಆದರೆ ಅನುಪಾತ ಏರಿದಂತೆ ಪಿನಿಯನ್ ಚಿಕ್ಕದಾಗಿ ಅದರ ಬಲ ಕುಗ್ಗುತ್ತದೆ ಎಂಬುದನ್ನೂ, ವಿಶೇಷವಾಗಿ ಡೇನಾ 30ರಂಥ ಹಗುರ ಆಕ್ಸಲ್‌ಗಳಲ್ಲಿ, ಗಮನಿಸಬೇಕು.

ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳೆರಡನ್ನೂ ಒಟ್ಟಿಗೇ ಬದಲಿಸಬೇಕು. ಪಾರ್ಟ್‌ಟೈಮ್ ಟ್ರಾನ್ಸ್‌ಫರ್ ಕೇಸಿನಲ್ಲಿ, ಅಂದರೆ ಬೇಕಾದಾಗ ಮಾತ್ರ ನಾಲ್ಕೂ ಚಕ್ರಗಳಿಗೆ ಬಲ ಕೊಡುವ ಬಗೆಯದರಲ್ಲಿ, ನಡುವಿನ ಡಿಫರೆನ್ಷಿಯಲ್ ಇರುವುದಿಲ್ಲವಾದ್ದರಿಂದ, ಅನುಪಾತಗಳು ಬೇರೆಯಾಗಿದ್ದು ಗಟ್ಟಿ ರಸ್ತೆಯಲ್ಲಿ ಫೋರ್ ವೀಲ್ ಹಾಕಿದರೆ ಎರಡು ಶಾಫ್ಟುಗಳ ನಡುವೆ ತಿರುಚುಬಲ ಕಟ್ಟಿಕೊಂಡು ಏನಾದರೊಂದು ಮುರಿಯುತ್ತದೆ. 4.10 ಮತ್ತು 4.11ರ ನಡುವಿನ ವ್ಯತ್ಯಾಸ ಶೇ. 0.3ಕ್ಕಿಂತ ಕಡಿಮೆ, ಅದು ನಡೆಯುತ್ತದೆ, 3.73 ಮತ್ತು 4.10 ನಡೆಯುವುದಿಲ್ಲ. ಕೊಳ್ಳುವ ಮೊದಲು ಇನ್ನೊಂದನ್ನು ನೋಡಿಕೊಳ್ಳಬೇಕು: ಹಲವು ಆಕ್ಸಲ್‌ಗಳಲ್ಲಿ ಒಂದು ಮಿತಿಯನ್ನು ದಾಟಿದ ಅನುಪಾತಕ್ಕೆ ಕ್ರೌನ್ ವೀಲನ್ನು ಹೊರುವ ಕ್ಯಾರಿಯರ್ ಕೂಡ ಬೇರೆಯೇ ಬೇಕಾಗುತ್ತದೆ. ಪಿನಿಯನ್ ಮೇಲ್ಭಾಗದಲ್ಲಿರುವ ಮುಂದಿನ ಆಕ್ಸಲ್‌ಗಳಿಗೆ ಹಲ್ಲುಗಳ ಸುರುಳಿ ಎದುರು ದಿಕ್ಕಿನದಾಗಿರುವುದರಿಂದ ಸಾಮಾನ್ಯ ಜೋಡಿ ಅಲ್ಲಿ ಕೂರುವುದಿಲ್ಲ.

ನಿಜವಾದ ಕುಶಲತೆ ಇರುವುದು ಜೋಡಣೆಯಲ್ಲಿ. ಕ್ರೌನ್ ವೀಲ್ ಮತ್ತು ಪಿನಿಯನ್ನನ್ನು ಕಾರ್ಖಾನೆಯಲ್ಲಿ ಒಂದಕ್ಕೊಂದು ಉಜ್ಜಿ ಜೊತೆ ಮಾಡಿರುತ್ತಾರೆ. ಎರಡರ ಮೇಲಿನ ಗುರುತಿನ ಸಂಖ್ಯೆ ಒಂದೇ ಆಗಿರಬೇಕು. ಬಿಚ್ಚುವಾಗ ಬೇರಿಂಗ್ ಕ್ಯಾಪುಗಳಿಗೆ ಎಡ, ಬಲ, ಮೇಲು, ಕೆಳಗು ಎಂದು ಗುರುತು ಹಾಕಬೇಕು, ಏಕೆಂದರೆ ಅವುಗಳನ್ನು ಹೌಸಿಂಗ್ ಜೊತೆಯಲ್ಲೇ ಕೊರೆದಿರುತ್ತಾರೆ. ಅಂತರ ಹೊಂದಿಸಲು ಇಟ್ಟಿರುವ ತೆಳು ಬಿಲ್ಲೆಗಳಾದ ಹಳೆಯ ಶಿಮ್‌ಗಳನ್ನು ಅಳೆದಿಟ್ಟುಕೊಂಡರೆ ಹೊಸ ಜೋಡಣೆಗೆ ಒಳ್ಳೆಯ ಆರಂಭ ಸಿಗುತ್ತದೆ.

ಸರಿಪಡಿಸಬೇಕಾದ ಅಳತೆಗಳು ಮುಖ್ಯವಾಗಿ ಮೂರು. ಪಿನಿಯನ್ ಕ್ರೌನ್ ವೀಲಿನ ನಡುಗೆರೆಗೆ ಎಷ್ಟು ಹತ್ತಿರ ನಿಂತಿದೆ ಎಂಬ ಆಳವನ್ನು ಶಿಮ್‌ಗಳು ನಿರ್ಧರಿಸುತ್ತವೆ. ಪಿನಿಯನ್ ಬೇರಿಂಗುಗಳ ಬಿಗಿತವನ್ನು ನಟ್ ತಿರುಗಿಸುತ್ತಾ, ಬೇರಿಂಗುಗಳ ನಡುವಿನ ಕ್ರಷ್ ಸ್ಲೀವನ್ನು (ಅದುಮಿದಾಗ ಕುಗ್ಗುವ ಲೋಹದ ಕೊಳವೆ) ಸ್ವಲ್ಪ ಸ್ವಲ್ಪವೇ ಅದುಮುತ್ತಾ ಸಾಧಿಸಬೇಕು. ಹದ ಮೀರಿ ಬಿಗಿದ ಸ್ಲೀವ್ ಮರಳಿ ಉಪಯೋಗಕ್ಕೆ ಬರದು. ಮೂರನೆಯದು ಹಲ್ಲುಗಳ ನಡುವಿನ ಸಡಿಲ, ಅಂದರೆ ಬ್ಯಾಕ್‌ಲ್ಯಾಷ್. ಡಯಲ್ ಗೇಜಿನಲ್ಲಿ ಅದು ಈ ವರ್ಗದ ಆಕ್ಸಲ್‌ಗಳಿಗೆ ಸಾಮಾನ್ಯವಾಗಿ 0.13ರಿಂದ 0.25 ಮಿ.ಮೀ. ಒಳಗೆ ಬರಬೇಕು, ಕ್ರೌನ್ ವೀಲನ್ನು ಹಲವು ಕಡೆ ತಿರುಗಿಸಿ ಅಳೆಯಬೇಕು.

ಈ ಅಳತೆಗಳೆಲ್ಲ ಸರಿಯಾದರೂ ಕೊನೆಯ ತೀರ್ಪು ಹಲ್ಲಿನ ಮೇಲಿನ ಗುರುತಿನದ್ದೇ. ಕೆಲವು ಹಲ್ಲುಗಳಿಗೆ ಗುರುತಿನ ಪೇಸ್ಟ್ ಹಚ್ಚಿ, ಕ್ರೌನ್ ವೀಲಿಗೆ ತಡೆ ಕೊಡುತ್ತಾ ಎರಡೂ ದಿಕ್ಕಿಗೆ ತಿರುಗಿಸಿದಾಗ ಸ್ಪರ್ಶದ ಅಚ್ಚು ಹಲ್ಲಿನ ತುದಿ ಮತ್ತು ಬುಡದ ನಡುವೆ, ಮಧ್ಯಭಾಗದಲ್ಲಿ ಮೂಡಬೇಕು. ಅಚ್ಚು ಬುಡಕ್ಕೆ ಇಳಿದಿದ್ದರೆ ಪಿನಿಯನ್ ತೀರಾ ಒಳಗಿದೆ, ತುದಿಗೆ ಏರಿದ್ದರೆ ತೀರಾ ಹೊರಗಿದೆ. ಸಡಿಲವನ್ನು ಬದಲಿಸಿದಾಗ ಅಚ್ಚು ಹೆಚ್ಚಾಗಿ ಹಲ್ಲಿನ ಉದ್ದಕ್ಕೆ, ಅಂದರೆ ಒಳತುದಿ ಹೊರತುದಿಗಳ ನಡುವೆ ಸರಿಯುತ್ತದೆ. ಶಿಮ್ ಬದಲಿಸಲು ಪಿನಿಯನ್ನನ್ನು ಮತ್ತೆ ಮತ್ತೆ ಹೊರತೆಗೆಯಬೇಕಾಗುವುದರಿಂದ ಕಲಿಯುವವರು ಇಲ್ಲಿಯೇ ತಾಳ್ಮೆ ಕಳೆದುಕೊಂಡು “ಇಷ್ಟು ಸಾಕು” ಎಂದುಬಿಡುತ್ತಾರೆ. ಹಾಗೆ ಬಿಟ್ಟ ಜೋಡಿ ಓಡುವಾಗ ಊಳಿಡುತ್ತದೆ, ಬೇಗ ಸವೆಯುತ್ತದೆ.

ಆಮೇಲೆ ಜಿಎಲ್-5 ದರ್ಜೆಯ ಗೇರ್ ಎಣ್ಣೆ ತುಂಬಿ, ಸ್ಪೀಡೋಮೀಟರನ್ನು ಹೊಸ ಅನುಪಾತಕ್ಕೂ ಹೊಸ ಟೈರಿಗೂ ಹೊಂದಿಸಬೇಕು. ಹೊಸ ಹಲ್ಲುಗಳು ಆರಂಭದಲ್ಲಿ ತುಂಬಾ ಬಿಸಿಯಾಗುವುದರಿಂದ ಮೊದಲ ಓಟಗಳು 25-30 ಕಿ.ಮೀ. ಮೀರದಂತೆ, ಭಾರವಿಲ್ಲದೆ ಇರಬೇಕು. ಪ್ರತಿ ಓಟದ ನಂತರ ಆಕ್ಸಲ್ ಪೂರ್ತಿ ತಣಿಯಲು ಬಿಡಬೇಕು. ಸುಮಾರು 800 ಕಿ.ಮೀ. ಆದ ಮೇಲೆ ಎಣ್ಣೆ ಬದಲಿಸಬೇಕು. ಇಳಿದ ಎಣ್ಣೆಯಲ್ಲಿ ನುಣ್ಣನೆಯ ಲೋಹದ ಪುಡಿ ಕಂಡರೆ ಅದು ಸಹಜ ಸವೆತ. ಬೆರಳಿಗೆ ಚುಚ್ಚುವ ಚಕ್ಕೆಗಳು ಸಿಕ್ಕರೆ ಕವರ್ ತೆಗೆದು ಮತ್ತೊಮ್ಮೆ ಪರೀಕ್ಷಿಸಬೇಕು.