ಕರೆದರೆ ಓ ಅನ್ನದ ಸೆನ್ಸರ್

ತೀರ್ಥಹಳ್ಳಿ ಕಡೆಯ ನಮ್ಮ ಅಡಿಕೆ ತೋಟದಲ್ಲಿ ಮಣ್ಣಿನ ತೇವ ಅಳೆಯುವ ಪೆಟ್ಟಿಗೆಯೊಂದಿದೆ. ಗುಡ್ಡದ ಹಳ್ಳದಿಂದ ಇಳಿದು ಬರುವ ನೀರಿನ ವಾಲ್ವೂ ಅದಕ್ಕೇ ಜೋಡಣೆ. ಕಳೆದ ಮಾರ್ಚಿನಲ್ಲಿ ಅಪ್ಪಯ್ಯನ ಎದುರು ಜಂಬದಿಂದ ಮೊಬೈಲ್ ತೆಗೆದು ‘ತೆರೆ’ ಎಂದು ಒತ್ತಿದೆ. ಐದು ನಿಮಿಷವಾದರೂ ನೀರಿಲ್ಲ. “ಎಂಥದ್ದು ಮಾರಾಯ, ಕರೆದ್ರೆ ಓ ಅನ್ನದಿಲ್ಲ ಇದು!” ಎಂದರು ಅಪ್ಪಯ್ಯ.

ಅನ್ನುವುದಿಲ್ಲ, ನಿಜ. ಅದು ಮಲಗಿರುತ್ತದೆ. ನಮ್ಮದು ಲೋರಾವ್ಯಾನ್ ಪದ್ಧತಿಯದು, ಅಂದರೆ ಕಡಿಮೆ ಕರೆಂಟಿನಲ್ಲಿ ಚಿಕ್ಕ ಚಿಕ್ಕ ಸಂದೇಶಗಳನ್ನು ದೂರಕ್ಕೆ ಮುಟ್ಟಿಸುವ ರೇಡಿಯೊ. ಭಾರತದಲ್ಲಿ 865ರಿಂದ 867 ಮೆಗಾಹರ್ಟ್ಸ್‌ನಲ್ಲಿ, ಪರವಾನಗಿಯ ಗೊಡವೆಯಿಲ್ಲದೆ ನಡೆಯುವಂಥದ್ದು. ಇದರ ‘ಎ’ ದರ್ಜೆಯ ಸಾಧನ ತಾನು ಮಾತಾಡಿದ ಮೇಲಷ್ಟೇ ಕಿವಿಗೊಡುತ್ತದೆ. ರೀಡಿಂಗ್ ಕಳಿಸಿ ಸಾಮಾನ್ಯವಾಗಿ 1 ಸೆಕೆಂಡಾದ ಮೇಲೆ ಒಮ್ಮೆ, 2 ಸೆಕೆಂಡಾದ ಮೇಲೆ ಇನ್ನೊಮ್ಮೆ ಕಿಂಡಿ ತೆರೆದು ನೋಡಿ, ಏನೂ ಬರದಿದ್ದರೆ ಮತ್ತೆ ನಿದ್ದೆ. ನಮ್ಮದು 20 ನಿಮಿಷಕ್ಕೊಮ್ಮೆ ಏಳುತ್ತದೆ. ಅಲ್ಲಿಯವರೆಗೆ ನನ್ನ ಅಪ್ಪಣೆ ಸರ್ವರ್‌ನಲ್ಲಿ ಸರತಿ ಕಾಯಬೇಕು.

ಜಿಪುಣತನವೆಲ್ಲ ಬ್ಯಾಟರಿಗಾಗಿ. ರೇಡಿಯೊ ಸದಾ ಕೇಳಿಸಿಕೊಳ್ಳುತ್ತ ಕೂತರೆ ಸುಮಾರು 10 ಮಿಲಿಆಂಪಿಯರ್ ಕುಡಿಯುತ್ತದೆ. 2400 ಮಿಲಿಆಂಪಿಯರ್-ಗಂಟೆಯ ಬ್ಯಾಟರಿ ಹತ್ತೇ ದಿನಕ್ಕೆ ಖಾಲಿ. ಮಲಗಿ ಎದ್ದರೆ ವರ್ಷಗಟ್ಟಲೆ ಬಾಳುತ್ತದೆ. ಪಂಪಿನ ಮೊಬೈಲ್ ಸ್ಟಾರ್ಟರ್ ಕರೆದ ಕೂಡಲೇ ಓಗೊಡುವುದು ಲೈನಿನ ಕರೆಂಟು ತಿಂದು ಎಚ್ಚರವಾಗಿರುವುದರಿಂದ. ಸೋಲಾರ್ ಹಾಕಬಹುದಲ್ಲ ಎನ್ನುವವರು ಆಷಾಢದಲ್ಲಿ ಒಮ್ಮೆ ನಮ್ಮೂರಿಗೆ ಬರಲಿ.

ಇದೆಲ್ಲ ಗೊತ್ತಿದ್ದೂ ಅವಸರಕ್ಕೆ ಮೂರು ಸಲ ಒತ್ತಿಬಿಟ್ಟೆ. ಆಗಿನ ಅಪ್ಪಣೆಯ ಅರ್ಥ ‘ಮುಚ್ಚಿದ್ದರೆ ತೆರೆ, ತೆರೆದಿದ್ದರೆ ಮುಚ್ಚು’. ಎದ್ದಾಗಲೊಮ್ಮೆ ಒಂದೊಂದೇ ಅಪ್ಪಣೆ ತಲುಪಿ ವಾಲ್ವ್ ತೆರೆಯಿತು, ಮುಚ್ಚಿತು, ನಾವು ಮಲಗಿದ ಮೇಲೆ ಮತ್ತೆ ತೆರೆಯಿತು. ಬೆಳಿಗ್ಗೆ ಬಸಿಗಾಲುವೆ ತುಂಬಿ ಹರಿಯುತ್ತಿತ್ತು.

ಈಗ ಕಳಿಸುವುದು ನಾಲ್ಕು ಬೈಟ್: 01 00 02 58. ಮೊದಲನೆಯದು ಯಾವ ಕೆಲಸವೆಂದು ಹೇಳುತ್ತದೆ. ಉಳಿದದ್ದು ಎಷ್ಟು ಸೆಕೆಂಡ್ ಎಂದು. ಹತ್ತರ ಬದಲು ಹದಿನಾರರ ಮೇಲೆ ಎಣಿಸುವ ಕಂಪ್ಯೂಟರ್ ಲೆಕ್ಕದ 258 ಅಂದರೆ ನಮ್ಮ 600. ಹತ್ತು ನಿಮಿಷವಾದೊಡನೆ ಪೆಟ್ಟಿಗೆ ತಾನಾಗಿ ವಾಲ್ವ್ ಮುಚ್ಚುತ್ತದೆ, ನನ್ನ ಮಾತಿಗೆ ಕಾಯುವುದಿಲ್ಲ. ಮೂರು ಸಲ ಒತ್ತಿದರೂ ಅರ್ಧ ಗಂಟೆಗಿಂತ ಹೆಚ್ಚು ನೀರು ಹರಿಯದು.

‘ತೆರೆದಿದ್ದೇನೆ’ ಎಂಬ ಉತ್ತರವೂ ಮುಂದಿನ ರೀಡಿಂಗಿನ ಜೊತೆ ಬರುತ್ತದೆ. ಆದರೆ ಅದು ವಾಲ್ವಿನ ಮಾತು, ನೀರಿನದ್ದಲ್ಲ. ಹಳ್ಳದಲ್ಲಿ ಪೈಪಿನ ಬಾಯಿಗೆ ತರಗೆಲೆ ಕಟ್ಟಿದ್ದರೆ ಪೆಟ್ಟಿಗೆಗೆ ಗೊತ್ತಾಗುವುದಿಲ್ಲ. ಅದಕ್ಕೆ ಅಪ್ಪಯ್ಯನೇ ಕತ್ತಿ ಹಿಡಿದು ಗುಡ್ಡ ಹತ್ತುತ್ತಾರೆ.