ಸದ್ದು ಯಾವಾಗ ಬಂತು ಸಾರ್?

"ಎಂಜಿನ್ ಒಳಗೆ ಏನೋ ಮುರಿದಿದೆ. ಡಬಡಬ ಅಂತ ಹೊಡೀತಾ ಇತ್ತು, ಅರ್ಧದಲ್ಲೇ ವಾಪಸ್ ಬಂದೆ." ತಮ್ಮ ಪುಟ್ಟ ಸೆಸ್ನಾ 172 ವಿಮಾನ ಇಳಿಸಿ ಬಂದ ಮಾಲೀಕರ ಮುಖ ಬಿಳಿಚಿಕೊಂಡಿತ್ತು. ಮೆಕ್ಯಾನಿಕ್ ಆದರೂ ನಾನು ಎಂಜಿನ್ ಮುಚ್ಚಳ (ಕೌಲಿಂಗ್) ಮುಟ್ಟಲಿಲ್ಲ. ವಿಮಾನಕ್ಕೆ ಒಂದು ಸುತ್ತು ಹಾಕಿದೆ. ಬಲಗಡೆ ಬಾಗಿಲ ಕೆಳಗೆ ಪೇಂಟ್ ಕಿತ್ತುಹೋಗಿತ್ತು. ಆ ಕಡೆಯ ಸೀಟು ಖಾಲಿ. ಅದರ ಬೆಲ್ಟ್ ಬಾಗಿಲಿಗೆ ಸಿಕ್ಕಿ ಹೊರಗೆ ನೇತಾಡುತ್ತಿತ್ತು. ಗಂಟೆಗೆ 200 ಕಿಲೋಮೀಟರ್ ಗಾಳಿಗೆ ಬೆಲ್ಟಿನ ತುದಿ ತೆಳು ಅಲ್ಯೂಮಿನಿಯಂ ಮೈಗೆ ಬಡಿದರೆ ಒಳಗೆ ಕೂತವರಿಗೆ ತಮಟೆಯೇ.

ಅದಕ್ಕೇ ಯಾರಾದರೂ ಸದ್ದು ಅಂತ ಬಂದರೆ "ಯಾವಾಗ?" ಅಂತ ಮೊದಲು ಕೇಳುತ್ತೇನೆ. ಹೇಗಿತ್ತು ಅಂತ ಕೇಳಿದರೆ ಒಬ್ಬರು ಟಕಟಕ ಅಂತಾರೆ, ಅದೇ ಸದ್ದಿಗೆ ಇನ್ನೊಬ್ಬರು ಕಟಕಟ ಅಂತಾರೆ. ಎಂಜಿನ್ ವೇಗ ಏರಿಸಿ ಇಳಿಸುವ ಥ್ರಾಟಲ್ ಹಿಂದಕ್ಕೆಳೆದಾಗ ಬಡಿತವೂ ನಿಧಾನವಾಯಿತಾ? ಎಂಜಿನ್ ಕಡೆ ನೋಡಬೇಕು. ಮೂಗು ತಗ್ಗಿಸಿ ವೇಗ ಏರಿದಾಗ ಜಾಸ್ತಿಯಾಯಿತಾ? ಗಾಳಿಗೆ ಸಿಕ್ಕ ಬೆಲ್ಟೋ, ಸಡಿಲವಾದ ಹೊರಮೈ ಹೊದಿಕೆಯೋ (ಫೇರಿಂಗ್) ಇರಬೇಕು. ಹೆಡ್‌ಸೆಟ್ ತೆಗೆದರೆ ಮಾಯವಾಗುವ ಕುಂಯ್ ಸದ್ದು ಸಾಮಾನ್ಯವಾಗಿ ಕರೆಂಟ್ ಉತ್ಪಾದಿಸುವ ಆಲ್ಟರ್ನೇಟರ್‌ನದು. ಅದು ವೈರಿಂಗ್ ಕೆಲಸ.

ನನ್ನ ಕಿವಿ ನೆಟ್ಟಗಾಗುವ ಉತ್ತರ ಒಂದಿದೆ: "ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ನಿಮಿಷ ಕುಂಟುತ್ತೆ, ಆಮೇಲೆ ತಾನೇ ಸರಿಹೋಗುತ್ತೆ." ಹೇಳುವವರಿಗೆ ಕೊನೆಯ ಭಾಗ ಸಮಾಧಾನ. ನನಗೆ ಅದೇ ಭಯ. ನಾವು ಇದನ್ನು ಮಾರ್ನಿಂಗ್ ಸಿಕ್‌ನೆಸ್ ಅನ್ನುತ್ತೇವೆ, ಬಸುರಿಯ ಬೆಳಗಿನ ವಾಂತಿಗೆ ಇರುವ ಹೆಸರೇ. 172ರ ಲೈಕಮಿಂಗ್ ಎಂಜಿನ್‌ನಲ್ಲಿ ನಾಲ್ಕು ಸಿಲಿಂಡರ್. ಸೀಸ ಬೆರೆತ ವಿಮಾನದ ಪೆಟ್ರೋಲ್ (ಏವ್‌ಗ್ಯಾಸ್) ಮತ್ತು ಎಣ್ಣೆ ಸುಟ್ಟು ಉಳಿದ ಕಿಟ್ಟ ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್‌ನ ಕಡ್ಡಿ ಆಡುವ ಕೊಳವೆಯಲ್ಲಿ, ಅಂದರೆ ಗೈಡ್‌ನಲ್ಲಿ, ಕಟ್ಟಿಕೊಳ್ಳುತ್ತದೆ. ತಣ್ಣಗಿದ್ದಾಗ ವಾಲ್ವ್ ಹಿಡಿದುಕೊಳ್ಳುತ್ತದೆ, ಕಾದಾಗ ಬಿಡುತ್ತದೆ. ಯಾವತ್ತೋ ಒಂದು ದಿನ ಹಾರುವಾಗಲೇ ಹಿಡಿದುಕೊಂಡರೆ ಅದನ್ನು ತಳ್ಳುವ ಪುಶ್‌ರಾಡ್ ಕಡ್ಡಿ ಬಾಗಿ ಒಂದು ಸಿಲಿಂಡರ್ ಕೈಕೊಡುತ್ತದೆ.

ನಾಲ್ಕರಲ್ಲಿ ಯಾವುದು? ಕುಂಟುತ್ತಿರುವಾಗಲೇ ಎಂಜಿನ್ ನಿಲ್ಲಿಸಿ, ಕೀಲಿ ಜೇಬಿಗೆ ಹಾಕಿಕೊಂಡು, ಪ್ರತಿ ಎಕ್ಸಾಸ್ಟ್ ಪೈಪಿನ ಬುಡಕ್ಕೆ ನಾಲ್ಕು ಹನಿ ನೀರು ಚಿಮುಕಿಸುತ್ತೇನೆ. ದೋಸೆ ಹಂಚು ಕಾದಿದೆಯಾ ಅಂತ ನೋಡುವ ಪರೀಕ್ಷೆಯೇ. ಮೂರು ಚುಂಯ್ ಅನ್ನುತ್ತವೆ, ಒಂದು ಸುಮ್ನಿರುತ್ತದೆ. ಒಳಗೆ ಬೆಂಕಿ ಹತ್ತದ ಸಿಲಿಂಡರ್ ಅದೇ. ಈಗ ಇನ್‌ಫ್ರಾರೆಡ್ ಥರ್ಮಾಮೀಟರ್ ಇದೆ, ಆದರೂ ಹಳೇ ಚಾಳಿ ಬಿಟ್ಟಿಲ್ಲ.

ರಿಪೇರಿಗೆ ಸಿಲಿಂಡರ್ ಇಳಿಸಲೇಬೇಕೆಂದಿಲ್ಲ. ಸ್ಪಾರ್ಕ್ ಪ್ಲಗ್ ತೂತಿನಿಂದ ನೈಲಾನ್ ಹಗ್ಗ ತುರುಕಿ ಪಿಸ್ಟನ್ ಹತ್ತಿರ ತಂದರೆ ಹಗ್ಗದ ಉಂಡೆ ವಾಲ್ವನ್ನು ಒಳಗಿನಿಂದ ಒತ್ತಿ ಹಿಡಿಯುತ್ತದೆ. ಆಗ ಸ್ಪ್ರಿಂಗ್ ಬಿಚ್ಚಬಹುದು. ಹಗ್ಗ ಎಳೆದುಕೊಂಡು, ವಾಲ್ವನ್ನು ಒಳಕ್ಕೆ ಜಾರಿಸಿ, ಗೈಡ್‌ನ ಕಿಟ್ಟವನ್ನು ರೀಮರ್‌ನಿಂದ ಕೆರೆದು ತೆಗೆಯಬೇಕು. ಆಮೇಲೆ ವಾಲ್ವನ್ನು ಮತ್ತೆ ಗೈಡಿಗೆ ಪೋಣಿಸುವುದಿದೆಯಲ್ಲ, ಕತ್ತಲಲ್ಲಿ ಸೂಜಿಗೆ ದಾರ ಹಾಕಿದ ಹಾಗೆ. ನನಗೊಮ್ಮೆ ಅದೊಂದಕ್ಕೇ ಇಡೀ ಮಧ್ಯಾಹ್ನ ಹಿಡಿದಿತ್ತು.

ಥ್ರಾಟಲ್ ಜೊತೆಗೇ ಚುರುಕಾಗುವ ಟಿಕ್‌ಟಿಕ್ ಇದ್ದರೆ ಎಕ್ಸಾಸ್ಟ್ ಗ್ಯಾಸ್ಕೆಟ್ ನೋಡುತ್ತೇನೆ. ಸೋರುವ ಕಡೆ ಬೂದಿ ಬಣ್ಣದ ಕಲೆ ಇರುತ್ತದೆ. ಕಾಣದಿದ್ದರೆ ವ್ಯಾಕ್ಯೂಮ್ ಕ್ಲೀನರ್‌ನಿಂದ ಪೈಪಿಗೆ ಗಾಳಿ ಊದಿ, ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ. ಇಲ್ಲಿ ಚಿಂತೆ ಸದ್ದಿನದಲ್ಲ, ಕಾರ್ಬನ್ ಮೊನಾಕ್ಸೈಡ್‌ನದು. ಕ್ಯಾಬಿನ್ ಹೀಟರ್‌ಗೆ ಗಾಳಿ ಬರುವುದೇ ಮಫ್ಲರ್ ಸುತ್ತ ಹಾದು. "ಬೆಂಗಳೂರಲ್ಲಿ ಹೀಟರ್ ಯಾರು ಹಾಕ್ತಾರೆ ಬಿಡಿ" ಅಂದರು ಒಬ್ಬರು. ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ಗೋಡೆಯಲ್ಲಿ (ಫೈರ್‌ವಾಲ್) ಕೇಬಲ್ ಹಾದ ತೂತುಗಳೂ ಆ ವಿಷಗಾಳಿಗೆ ದಾರಿಯೇ, ಅಲ್ವಾ?

ಸದ್ದು ಹುಡುಕುತ್ತೇನೆ ಅಂತ ಪ್ರೊಪೆಲ್ಲರ್ ಕೈಯಲ್ಲಿ ತಿರುಗಿಸುವವರಿದ್ದಾರೆ. ಬೇಡ. ಪ್ಲಗ್‌ಗೆ ಕಿಡಿ ಕೊಡುವ ಮ್ಯಾಗ್ನೆಟೊಗೆ ಬ್ಯಾಟರಿ ಬೇಕಿಲ್ಲ. ಅದನ್ನು ಸುಮ್ಮನಿರಿಸುವ ಪಿ-ಲೀಡ್ ತಂತಿ ತುಂಡಾಗಿದ್ದರೆ ಕೀಲಿ ಆಫ್ ಇದ್ದರೂ ಕಿಡಿ ಹಾರಿ ಎಂಜಿನ್ ಹತ್ತಿಕೊಳ್ಳಬಹುದು.

ಬೆಲ್ಟಿನ ವಿಷಯ ತಿಳಿದು ಆ ಮಾಲೀಕರು ಜೋರಾಗಿ ನಕ್ಕರು. ನಾನು ಇನ್ನೊಂದು "ಯಾವಾಗ" ಕೇಳಿದೆ: ಇದಕ್ಕೆ ಮೊದಲು ಹಾರಿಸಿದ್ದು? ಮಳೆಗಾಲಕ್ಕೆ ಮುಂಚೆ ಅಂದರು. ಲೈಕಮಿಂಗ್‌ನಲ್ಲಿ ವಾಲ್ವ್‌ಗಳನ್ನು ತೆರೆಸುವ ಕ್ಯಾಮ್‌ಶಾಫ್ಟ್ ಇರುವುದು ಪ್ರೊಪೆಲ್ಲರ್ ತಿರುಗಿಸುವ ಕ್ರ್ಯಾಂಕ್‌ಶಾಫ್ಟ್‌ನ ಮೇಲೆ. ತಿಂಗಳುಗಟ್ಟಲೆ ನಿಂತರೆ ಎಣ್ಣೆಯೆಲ್ಲ ಕೆಳಗಿಳಿದು, ಥಂಡಿಗೆ ಅಲ್ಲಿ ತುಕ್ಕು ಹಿಡಿಯುತ್ತದೆ. ಎಣ್ಣೆ ಫಿಲ್ಟರ್ ಬಿಚ್ಚಿ, ಕತ್ತರಿಸಿ, ಒಳಗಿನ ಕಾಗದದ ಮಡಿಕೆ ಬಿಡಿಸಿ ಅಯಸ್ಕಾಂತ ಆಡಿಸಿದೆ. ಹೊಳೆಯುವ ಚೂರುಗಳು ಅಂಟಿಕೊಂಡು ಬಂದವು.

"ಆದರೆ ಎಂಜಿನ್ ಸದ್ದೇ ಮಾಡ್ತಿರಲಿಲ್ಲವಲ್ಲ!" ಅಂದರು.

ಎರಡು ದಿನ ಬಿಟ್ಟು ಒಂದು ಸಿಲಿಂಡರ್ ಇಳಿಸಿ, ಟಾರ್ಚ್ ಬಿಟ್ಟು ಅವರಿಗೇ ತೋರಿಸಿದೆ. ಕ್ಯಾಮ್‌ಶಾಫ್ಟ್‌ನ ಒಂದು ಉಬ್ಬಿನ (ಲೋಬ್) ಮೂತಿ ಸವೆದು ಗುಂಡಗಾಗಿತ್ತು.