ಹಸನ್ಮುಖಿಗೆ ಇನ್ನೊಂದು ಮುಖ ಬೇಡ

ಅಭಿನಂದನಾ ಪತ್ರ, ಶ್ರದ್ಧಾಂಜಲಿ ಫ್ಲೆಕ್ಸು, ರಿಸೆಪ್ಶನಿಸ್ಟ್ ಬೇಕಾಗಿದ್ದಾರೆ ಎಂಬ ಜಾಹೀರಾತು: ಮೂರರಲ್ಲೂ 'ಹಸನ್ಮುಖಿ' ಇರುತ್ತದೆ. ಇರಲಿ. ಆದರೆ ಈಚೆಗೆ 'ಹಸನಮುಖಿ' ಎಂದು ಬರೆಯುವವರು ಹೆಚ್ಚಿದ್ದಾರೆ. 'ಹಸನ್ಮುಖಿ ಮುಖಭಾವದ ಅಧಿಕಾರಿ' ಎಂಬುದನ್ನೂ ಓದಿಯಾಯಿತು. ಮುಖಕ್ಕೆ ಇನ್ನೊಂದು ಮುಖ ಅಂಟಿಸಿದ ಮೇಲೂ ಸುಮ್ಮನಿರುವುದು ಕಷ್ಟ.

ಹಸನಮುಖಿ ಎನ್ನುವವರ ತಲೆಯಲ್ಲಿರುವುದು 'ಬಾಳು ಹಸನಾಗಲಿ' ಎನ್ನುವಾಗಿನ ಹಸನು ಇರಬೇಕು. ಹೊಲ ಹಸನು ಮಾಡಿದ ಹಾಗೆ ಮುಖವನ್ನೂ ಹಸನು ಮಾಡಿಕೊಂಡವರು ಎಂಬ ಲೆಕ್ಕ. ಸೋಪಿನ ಜಾಹೀರಾತಿಗೆ ಸರಿಹೋದೀತು. ಇಲ್ಲಿರುವುದು ಸಂಸ್ಕೃತದ 'ಹಸ್' ಧಾತುವಿನಿಂದಾದ 'ಹಸತ್', ಅಂದರೆ ನಗುತ್ತಿರುವ. ಮುಂದೆ ಮುಖ ಬಂದಾಗ ತಕಾರ ಹೋಗಿ ನಕಾರ ಬರುತ್ತದೆ. ಚಿತ್ ಮಯ ಸೇರಿ ಚಿನ್ಮಯ, ಸತ್ ಮಾನ ಸೇರಿ ಸನ್ಮಾನ ಆದಂತೆಯೇ; ಶಾಲೆಯಲ್ಲಿ ಉರುಹೊಡೆದ ಅದೇ ಅನುನಾಸಿಕ ಸಂಧಿ. ಸನ್ಮಾನವನ್ನು 'ಸನಮಾನ' ಎಂದು ಆಹ್ವಾನಪತ್ರಿಕೆಯಲ್ಲಿ ಅಚ್ಚು ಹಾಕಿಸಿದರೆ ಸಮಿತಿಯವರು ಬಿಟ್ಟಾರೆಯೇ? ನಗುತ್ತಿರುವ ಮುಖ ಯಾರಿಗುಂಟೋ ಅವರು ಎಂದು ಬಿಡಿಸಿದರೆ ಬಹುವ್ರೀಹಿ. ಮುಖ ಒಳಗೇ ಕೂತಿದೆ, ಮತ್ತೆ ಮುಖಭಾವ ಬೇಡ.

ಗಂಡಸಿಗೆ 'ಹಸನ್ಮುಖ' ಎಂದೇ ಆಗಬೇಕು, 'ಮುಖಿ' ಹೆಂಗಸಿಗೆ ಎಂದು ಹಟ ಹಿಡಿಯುವವರಿದ್ದಾರೆ. ಸಂಸ್ಕೃತದಲ್ಲಿ ಅವರ ಮಾತು ಸರಿ. ಕನ್ನಡದಲ್ಲಿ ಅಂತರ್ಮುಖಿ, ಬಹಿರ್ಮುಖಿಗಳು ಗಂಡುಹೆಣ್ಣೆನ್ನದೆ ನಡೆಯುತ್ತಿರುವಾಗ ಇದೊಂದಕ್ಕೆ ಮಡಿ ಯಾಕೆ?

ಇನ್ನು, ಎಷ್ಟು ನಕ್ಕರೆ ಹಸನ್ಮುಖಿ? ಭರತನ ನಾಟ್ಯಶಾಸ್ತ್ರ ನಗೆಯನ್ನು ಆರು ಬಗೆ ಮಾಡುತ್ತದೆ: ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ. ಸ್ಮಿತದಲ್ಲಿ ಕೆನ್ನೆ ತುಸುವೇ ಅರಳುತ್ತದೆ, ಹಲ್ಲು ಕಾಣುವುದಿಲ್ಲ. ನಮ್ಮ ಮುಗುಳ್ನಗೆ ಇದೇ. ಮುಗುಳು ಎಂದರೆ ಮೊಗ್ಗು, ಬಿರಿಯುವ ಮುಂಚಿನದು. ಹಸಿತದಲ್ಲಿ ಹಲ್ಲು ಸ್ವಲ್ಪ ಕಾಣುತ್ತದೆ. ಆದರೆ ಅದರ ಲಕ್ಷಣ ಶುರುವಾಗುವುದು ಹಲ್ಲಿನಿಂದಲ್ಲ, 'ಉತ್ಫುಲ್ಲಾನನನೇತ್ರಂ' ಎಂದು: ಮುಖವೂ ಕಣ್ಣೂ ಅರಳಿರಬೇಕು. ಫ್ರಾನ್ಸಿನ ನರವೈದ್ಯ ಡ್ಯುಷೆನ್ 1862ರಲ್ಲಿ ಪ್ರಕಟಿಸಿದ್ದೂ ಹತ್ತಿರದ ಮಾತೇ. ತುಟಿಯ ಕೊನೆಯನ್ನು ಮೇಲಕ್ಕೆಳೆಯುವ ಸ್ನಾಯು ನಾವು ಹೇಳಿದಂತೆ ಕೇಳುತ್ತದೆ. ಕಣ್ಣಿನ ಸುತ್ತಲಿನದು ನಿಜವಾದ ಸಂತೋಷಕ್ಕಷ್ಟೇ ಕದಲುತ್ತದೆ ಎಂದ ಆತ. ಕಣ್ಣನ್ನೂ ಬೇಕೆಂದಾಗ ಅರಳಿಸಬಲ್ಲ ಜಾಣರು ಉಂಟು ಎಂದು ಆಮೇಲಿನವರು ತಿದ್ದಿದ್ದಾರೆ. ಫೋಟೊಗ್ರಾಫರ್ ಹೇಳಿದ ಮೇಲೆ ಬರುವುದಕ್ಕಂತೂ ಕನ್ನಡದಲ್ಲಿ ಬೇರೆ ಹೆಸರೇ ಇದೆ, ಹಲ್ಲು ಕಿರಿಯುವುದು.

'ಸುಮುಖ'ವನ್ನು ಇದರ ಜೊತೆ ಕಲಸುವುದು ಇನ್ನೊಂದು ಚಾಳಿ. 'ಸರ್ಕಾರ ಮಾತುಕತೆಗೆ ಸುಮುಖ' ಎಂದರೆ ಮಂತ್ರಿಗಳು ನಗುತ್ತಿದ್ದಾರೆಂದಲ್ಲ, ಒಪ್ಪುವ ಮನಸ್ಸಿದೆ ಎಂದು. ವಿಮುಖ, ಪರಾಙ್ಮುಖ ಎಂದರೆ ಮುಖ ತಿರುಗಿಸಿದವರು. ಸುಮುಖ ನಮ್ಮ ಕಡೆಗಿರುವವನು. ಗಣಪತಿಯ ಹನ್ನೆರಡು ಹೆಸರುಗಳಲ್ಲಿ ಮೊದಲನೆಯದು ಸುಮುಖ. ಹಾಗೆಂದು ಸೊಂಡಿಲ ಕೆಳಗೆ ಯಾರೂ ನಗು ಹುಡುಕುವುದಿಲ್ಲ.

ಹಾಗಾಗಿ ಹಸನ್ಮುಖಿ ಎಂಬುದು ಒಳ್ಳೆಯವರೆಂಬ ಸರ್ಟಿಫಿಕೇಟಲ್ಲ. ಕಂಡದ್ದನ್ನು ಹೇಳುವ ಪದ, ಅಷ್ಟೆ. ಹತ್ತಿರ ಹೋಗಿ ಮಾತಾಡಿಸಬಹುದು ಎಂಬ ಧೈರ್ಯ ಕೊಡುವವರೆಲ್ಲ ನಗುತ್ತಲೇ ಇರುವುದೂ ಇಲ್ಲ. ಕೌಂಟರಿನಾಚೆ ಹಲ್ಲು ತೋರಿಸದೆ ಕೂತವರು ಪೆನ್ನು ಕೆಳಗಿಟ್ಟು, ತಲೆ ಎತ್ತಿ, 'ಏನಾಗಬೇಕಿತ್ತು, ಹೇಳಿ' ಎನ್ನುತ್ತಾರಲ್ಲ, ಅವರನ್ನು ಹಸನ್ಮುಖಿ ಎಂದು ಹೊಗಳಬೇಕಾಗಿಲ್ಲ. ಅದಕ್ಕೆ 'ಮುಖ ಕೊಟ್ಟು ಮಾತಾಡುತ್ತಾರೆ' ಎನ್ನುತ್ತೇವೆ.